ವೆರೋನಿಕಾ ಸುಮ್ಮನಾಗುವ ಜಾಗ

ನಮ್ಮ ಸಾಂತಾ ರೂಫಿನಾ ಊರಿನವರಿಗೆ ತಮ್ಮ ಮೌನದ ಬಗ್ಗೆ ಎಷ್ಟು ಜಂಬವೆಂದರೆ, ಅದರ ಮಾತು ತೆಗೆದರೆ ಸಾಕು, ಬಾಯಿ ಮುಚ್ಚುವುದೇ ಇಲ್ಲ. ಹೊರಗಿನಿಂದ ಬಂದವರನ್ನು ಹಿಡಿದು ನಿಲ್ಲಿಸಿ, ಶುಭ ಶುಕ್ರವಾರದ ತನಕ ಇದ್ದು ನಮ್ಮ ಮೌನ ಕೇಳಿಕೊಂಡು ಹೋಗಿ, ಇಡೀ ಮಿನಾಸ್ ಸೀಮೆಯಲ್ಲಿ ಇಂಥದ್ದಿಲ್ಲ ಎನ್ನುತ್ತಾರೆ.

ಆ ಸಂಜೆ ದೊಡ್ಡ ಇಗರ್ಜಿಯಿಂದ ಸತ್ತ ಕ್ರಿಸ್ತನ ಮೂರ್ತಿಯ ಮೆರವಣಿಗೆ ಹೊರಡುತ್ತದೆ. ನೇರಳೆ ಮೇಲಂಗಿ ತೊಟ್ಟ ಇಗರ್ಜಿ ಸಂಘದ ಗಂಡಸರು ಚಟ್ಟ ಹೊತ್ತಿರುತ್ತಾರೆ, ಹಿಂದೆ ಬ್ಯಾಂಡು. ಚೌಕದಲ್ಲಿ, ಊರಿನ ಹಳೆಯ ಸಂಗೀತಗಾರ ಮಾಯೆಸ್ತ್ರೊ ತಿಯೋಫಿಲೊನ ಪ್ರತಿಮೆಯ ಎದುರು, ಎಲ್ಲರೂ ನಿಲ್ಲುತ್ತಾರೆ. ಅಲ್ಲಿ ಚಟ್ಟದ ಮುಂದಿನ ಕೋಲಿಗೆ ಸಂಘದ ಯಜಮಾನನೇ ಹೆಗಲು ಕೊಡಬೇಕು. ಶಿಲುಬೆ ಹೊತ್ತ ಯೇಸುವಿನ ಮುಖ ಒರೆಸಿದ ವೆರೋನಿಕಾಳ ವೇಷದ ಹುಡುಗಿ ಸ್ಟೂಲು ಹತ್ತಿ, ಯೇಸುವಿನ ಮುಖ ಮೂಡಿದ ಬಟ್ಟೆಯನ್ನು ನಿಧಾನವಾಗಿ ಬಿಡಿಸುತ್ತಾ, ತಿಯೋಫಿಲೊ ಬರೆದದ್ದೆನ್ನುವ ಹಾಡನ್ನು ಲ್ಯಾಟಿನ್ನಿನಲ್ಲಿ ಹಾಡುತ್ತಾಳೆ. ಅವಳು ಹಾಡಿ ಮುಗಿಸಿ ಬಟ್ಟೆ ಸುತ್ತುವ ತನಕ ಚಟ್ಟ ಇಳಿಸುವಂತಿಲ್ಲ, ಯಾರೂ ಹೆಜ್ಜೆ ಕೀಳುವಂತಿಲ್ಲ.

ಕೊನೆಯ ಸಾಲಿಗೆ ಮುಂಚೆ ಅವಳು ಸುಮ್ಮನಾಗುತ್ತಾಳೆ. ಬ್ಯಾಂಡಿನ ತಗ್ಗು ದನಿಯ ವಾದ್ಯ ಮಾತ್ರ ಉಂ ಉಂ ಎನ್ನುತ್ತಿರುತ್ತದೆ. ಊರು ಹೆಮ್ಮೆಪಡುವ ಮೌನ ಇದೇ. ಹೆಂಗಸರು ಅಳುತ್ತಾರೆ, ಗಂಡಸರು ಮಂಡಿಯೂರುತ್ತಾರೆ. ಆಮೇಲೆ ವೆರೋನಿಕಾ ಕೊನೆಯ ಸಾಲನ್ನು ಎತ್ತಿಕೊಳ್ಳುತ್ತಾಳೆ. ಯಾವ ಹುಡುಗಿಯಾದರೂ ಅಲ್ಲಿ ಶ್ರುತಿ ತಪ್ಪಿ, ತಡವರಿಸಿ, ಆಮೇಲೆ ಸ್ವರಕ್ಕೆ ಬರುತ್ತಾಳೆ. ಊರು ಅದಕ್ಕೂ ಒಂದು ಹೆಸರಿಟ್ಟಿದೆ: ಪವಿತ್ರ ಕಂಪನ. ದುಃಖದಲ್ಲಿ ಗಂಟಲು ನಡುಗುವುದನ್ನೂ ತಿಯೋಫಿಲೊ ಸಂಗೀತದಲ್ಲಿ ಬರೆದಿಟ್ಟು ಹೋಗಿದ್ದಾನಂತೆ, ಅಂಥ ಪ್ರತಿಭೆಯಂತೆ.

ನಾನು ಲಿಯೊಕಾದಿಯಾ. ಸರ್ಕಾರಿ ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ. ಬ್ಯಾಂಡಿನಲ್ಲಿ ಬೊಂಬಾರ್ದೀನೊ ಊದುತ್ತಿದ್ದೆ, ಕೂಸಿನ ಹಾಗೆ ಮಡಿಲಲ್ಲಿ ಎತ್ತಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ. ಆ ಮೌನದ ಅಡಿಯಲ್ಲಿ ಉಂ ಉಂ ಎನ್ನುತ್ತಿದ್ದವಳು ನಾನೇ. ಪ್ರತಿ ವರ್ಷ ಅದನ್ನು ಊದುವಾಗ ನನಗೆ ಮೈ ಉರಿಯುತ್ತಿತ್ತು. ಯಾರ ಹಾಡಿಗೆ ಒತ್ತು ಕೊಡುತ್ತಿದ್ದೇನೆ ಎಂದು ಒತ್ತು ಕೊಡುವವಳಿಗೆ ಗೊತ್ತಿರಬೇಕಲ್ಲ? ಮಂಟಪ ಕಟ್ಟಿ, ನೆಂಟರನ್ನು ಕರೆದು, ಊಟಕ್ಕೂ ಹಾಕಿ, ಗಂಡೇ ಇಲ್ಲ ಎಂದ ಹಾಗಿತ್ತು ಅದು.

ಗುಲಾಮಗಿರಿ ಹೋಗಿ ನೂರು ವರ್ಷವಾಯಿತೆಂದು ಇಡೀ ಬ್ರೆಜಿಲ್ ಹಬ್ಬಕ್ಕೆ ತಯಾರಾಗುತ್ತಿದ್ದ ವರ್ಷ. ಜನವರಿಯ ರಜೆಯಲ್ಲಿ ಶಿಕ್ಷಕರ ತರಬೇತಿಗೆಂದು ನಾನು ನಮ್ಮ ರಾಜ್ಯದ ರಾಜಧಾನಿ ಬೆಲೊ ಒರಿಜಾಂಚಿಗೆ ಹೋಗಿದ್ದೆ. ಅಲ್ಲೊಬ್ಬ ಉಪನ್ಯಾಸಕಿ ಮರೆತುಹೋದ ಒಪೆರಾಗಳ ಬಗ್ಗೆ ಮಾತಾಡಿದಳು. ಚಕ್ರವರ್ತಿಯ ಕಾಲದಲ್ಲಿ ರಿಯೊದ ರಂಗಮಂದಿರವೊಂದರಲ್ಲಿ ಎರಡೇ ದಿನ ನಡೆದು ನಿಂತುಹೋದ ಒಪೆರಾ, ಹೆಸರು ‘ಕಡವಿನ ತಾಯಿ’. ಬರೆದವನು ಸೆವೆರೊ ದಮಾಸಿಯೊ, ಗುಲಾಮಳಾಗಿದ್ದು ಬಿಡುಗಡೆಯಾದವಳ ಮಗ, ಸಾಂತಾ ರೂಫಿನಾ ಎಂಬ ಊರಿನವನು. ಮಾರಾಟವಾದ ಮಗನನ್ನು ಹುಡುಕುತ್ತಾ ಬರುವ ತಾಯಿ ದಡದಲ್ಲಿ ನಿಂತು ದಾರಿಹೋಕರನ್ನೆಲ್ಲ ಕೇಳುತ್ತಾಳೆ. ದೋಣಿಯೊಳಗಿಂದ ಮಗನ ತಗ್ಗು ದನಿ ಉತ್ತರ ಕೊಡುತ್ತದೆ. ಆಮೇಲೆ ಅವಳದು ಒಂದೇ ಸಾಲು. ಆ ಸಾಲು ಬರುವಷ್ಟರಲ್ಲಿ ಶ್ರೀಮಂತರ ಮನೆಯ ಹೆಂಗಸರು ಬೀಸಣಿಗೆ ಮಡಚಿ ಎದ್ದುಹೋದರೆಂದು ಅಂದಿನ ಪತ್ರಿಕೆಯೊಂದು ಬರೆದಿತ್ತಂತೆ. “ಸಂಗೀತ ಒಂದು ಹಾಳೆಯೂ ಉಳಿದಿಲ್ಲ” ಎಂದು ಹೇಳಿ ಉಪನ್ಯಾಸಕಿ ಮುಂದಿನ ಹೆಸರಿಗೆ ಹೋದಳು.

ನಾನು ಮಾತ್ರ ಅಲ್ಲೇ ಉಳಿದೆ. ಊರಿಗೆ ವಾಪಸು ಬರುವ ಬಸ್ಸಿನಲ್ಲಿ ಪಕ್ಕದವನು “ಮೈ ಹುಷಾರಿಲ್ವೇನಮ್ಮ?” ಎಂದು ಕೇಳಿದ. ಹುಷಾರಾಗೇ ಇದ್ದೆ. ಸಿಟ್ಟಿನಲ್ಲಿ ಹಲ್ಲು ಕಡಿಯುತ್ತಿದ್ದೆ, ಅಷ್ಟೆ. ನಮ್ಮೂರಲ್ಲಿ ತಿಯೋಫಿಲೊನ ಹೆಸರಿನ ಚೌಕವಿದೆ, ಬೀದಿಯಿದೆ, ಔಷಧಿ ಅಂಗಡಿಯಿದೆ, ಅವನ ಮೀಸೆಯ ಚಿತ್ರವಿರುವ ಚೀಸು ಕೂಡ ಇದೆ. ರಿಯೊ ತನಕ ಹೋಗಿ ಒಪೆರಾ ಕಟ್ಟಿ ಬಂದವನ ಹೆಸರಿನಲ್ಲಿ ಒಂದು ಚರಂಡಿಯೂ ಇಲ್ಲ.

ಫೆಬ್ರವರಿಯಲ್ಲಿ ಓರ್ಮೆಜಿಂದಾ ಅಜ್ಜಿ ತೀರಿಕೊಂಡಳು. ನಾನು ಹುಟ್ಟಿ ಬೆಳೆದ, ಗುಲಾಮರ ಸಂತತಿಯವರೇ ಇರುವ ರೋಸರಿ ಗುಡ್ಡದಲ್ಲಿ ಹೆಂಗಸರು ಹೆಣದ ಹಿಂದೆ ಹೋಗುವುದಿಲ್ಲ. ಮೈ ತೊಳೆದು, ಬಟ್ಟೆ ಉಡಿಸಿ ಕಳಿಸಿ, ಅಡುಗೆ ಮನೆ ಸೇರಿಕೊಳ್ಳುತ್ತೇವೆ. ಗಂಡಸರು ಹಾಡುತ್ತಾ ಇಳಿಜಾರಿನಲ್ಲಿ ಒಯ್ಯುತ್ತಾರೆ. ಆ ಹಾಡು ನಮಗೆ ಪಾತ್ರೆಗಳ ಸದ್ದಿನ ನಡುವೆ ದೂರದ ಗುಂಯ್‌ಗುಡುವಿಕೆಯಾಗಿ ಕೇಳಿಸುತ್ತದೆ. ಅದಕ್ಕೆ ಸೆವೆರೊ ಅಂತಲೇ ಹೆಸರು. “ಸೆವೆರೊ ಎತ್ರೋ” ಎಂದರೆ ಹಾಡು ಶುರುಮಾಡಿ ಎಂದರ್ಥ. ಈ ಗುಡ್ಡದಲ್ಲಿ ಮೊಟ್ಟಮೊದಲು ಮಣ್ಣಾದವನು ಸೆವೆರೊ, ಅವನು ಮುಂದೆ ನಿಂತು ಸತ್ತವರಿಗೆ ದಾರಿ ತೋರಿಸುತ್ತಾನೆ ಎಂದು ನಮ್ಮವರು ನಂಬಿಕೊಂಡು ಬಂದಿದ್ದಾರೆ.

ಆ ದಿನ ಅರ್ಧ ಗಂಡಸರು ಗಣಿ ಕೆಲಸಕ್ಕೆ ಹೋಗಿದ್ದರು. ಹೆಗಲು ಸಾಲದೆ ನನ್ನನ್ನೂ ಕರೆದರು. ಮುಂದೆ ನನ್ನ ಸೋದರಮಾವ ಜೋಸಿಮೊ. ರೈಲ್ವೆಯಿಂದ ನಿವೃತ್ತನಾದವನು, ರೈಲು ಬಂದ ಹಾಗೆ ದನಿ. ಇಳಿಜಾರು ಶುರುವಾಗುತ್ತಿದ್ದಂತೆ ಅವನು ಎತ್ತಿಕೊಂಡ:

“ದಡದಲ್ಲೇ ನಿಲ್ಲಮ್ಮ, ದೋಣಿಯಲ್ಲಿ ನಾನಿದ್ದೇನೆ,
ಹೆಸರು ಬೇರೆ ಇಟ್ಟರು, ಕರೆದರೆ ಓಗೊಡುವೆ.”

ನನ್ನ ಹೊಟ್ಟೆಯೊಳಗೆ ಬೊಂಬಾರ್ದೀನೊ ತಾನಾಗಿಯೇ ಉಂ ಉಂ ಎನ್ನತೊಡಗಿತು. ಮಾವನ ಹಾಡು ಎಲ್ಲಿ ಏರಿತೋ ಅಲ್ಲಿ ನನ್ನ ಉಂ ಏರಿತು, ಅದು ಎಲ್ಲಿ ತಿರುಗಿತೋ ಅಲ್ಲಿ ತಿರುಗಿತು. ನನ್ನ ಕಾಲು ನಿಂತುಹೋಯಿತು.

“ಏ ಕಾದಿಯಾ, ಹೆಗಲು ಕೊಡೇ!” ಮಾವ ಹಾಡಿನ ಮಧ್ಯದಲ್ಲೇ ಗದರಿದ. “ಅಜ್ಜಿ ಇನ್ನೊಂದ್ಸಲ ಸಾಯ್ತಾಳೆ!”

ಮಾರನೆಯ ದಿನ ಬೊಂಬಾರ್ದೀನೊ ಹೊತ್ತುಕೊಂಡು ಅವನ ಹಿತ್ತಲಿಗೆ ಹೋದೆ. ಮಾವ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದ. ಉಪನ್ಯಾಸಕಿ ಹೇಳಿದ್ದೆಲ್ಲ ಹೇಳಿದೆ.

“ಸೆವೆರೊ ಮೊದ್ಲು ಸತ್ತೋನಲ್ಲ ಮಾವ. ಹಾಡು ಕಟ್ಟಿದೋನು.”

“ರಾಜಧಾನಿಗೆ ಹೋಗ್ಬಂದ್ಮೇಲೆ ಸತ್ತೋರನ್ನೂ ಬಿಡಲ್ಲ ನೀನು.”

“ಒಂದ್ಸಲ ಹಾಡು. ನಾನು ಊದ್ತೀನಿ. ನಿಂಗೇ ಗೊತ್ತಾಗ್ತದೆ.”

“ಹೆಣ ಎಲ್ಲೈತೆ?”

“ಏನಂದೆ?”

“ಹೆಗಲ ಮ್ಯಾಲೆ ಹೆಣ ಇಲ್ದೆ ಅದನ್ನ ಹಾಡಿದ್ರೆ, ಹಾಡೇ ಒಂದನ್ನ ಹುಡುಕ್ಕೊಂಡು ಬರ್ತದೆ. ಯಾರ ಮ್ಯಾಲೆ ಕಣ್ಣು ಹಾಕಿದೀಯ? ನನ್ನ ಮ್ಯಾಲಾ?”

“ಸರಿ, ಹಾಡ್ಬೇಡ. ಕೇಳು.”

ವೆರೋನಿಕಾಳ ಹಾಡನ್ನು ನಾನೇ ಹಾಡಿದೆ, ನನ್ನ ಒಡಕು ದನಿಯಲ್ಲಿ. ಮೌನದ ಜಾಗ ಬಂದಾಗ ವಾದ್ಯ ಎತ್ತಿಕೊಂಡು ಉಂ ಉಂ ಊದಿದೆ. ಮಾವನ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು. ತುಟಿ ಅಲ್ಲಾಡುತ್ತಿತ್ತು, ದನಿಯಿರಲಿಲ್ಲ. ಅವನ ತುಟಿ ನಿಲ್ಲುವುದಕ್ಕೂ ನನ್ನ ಊದು ನಿಲ್ಲುವುದಕ್ಕೂ ಸರಿಹೋಯಿತು. ತುಟಿಯಲ್ಲೇ ನಿಂತ ಆ ಕೊನೆಯ ಸ್ವರವನ್ನು ಹಿಡಿದು ನಾನು ಉಳಿದ ಸಾಲು ಹಾಡಿದೆ. ನಡುಕವೂ ಬರಲಿಲ್ಲ, ತಡವರಿಕೆಯೂ ಬರಲಿಲ್ಲ.

ಮಾವ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದ. ಆಮೇಲೆ ಕೇಳಿದ: “ಅಂದ್ರೆ ಅವರು ಮಂಡಿಯೂರಿ ಅಳೋದು, ನಮ್ಮ ಹುಡುಗನ ಬಾಯಿ ಮುಚ್ಚಿಸಿದ ಜಾಗದಲ್ಲಾ?”

“ಹೂಂ ಮಾವ.”

“ಅದನ್ನ ಪವಿತ್ರ ಅಂತಾರಾ?”

“ಪ್ರವಾಸಿಗಳನ್ನ ಕರ್ಕೊಂಡ್ಬಂದು ತೋರಿಸ್ತಾರೆ.”

ಮಾವ ಮೊರವನ್ನು ಒದ್ದ. ಬಿಡಿಸಿಟ್ಟ ಕಾಳೆಲ್ಲ ಕೋಳಿಗಳ ಪಾಲಾಯಿತು.

ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಬ್ಯಾಂಡು ತಿಯೋಫಿಲೊನದು, ಸೆವೆರೊ ಅದರಲ್ಲೇ ನುಡಿಸಿ ಬೆಳೆದವನಿರಬೇಕು, ರಿಯೊದಲ್ಲಿ ಅವಮಾನವಾದ ಮೇಲೆ ಅಲ್ಲಿಗೇ ಮರಳಿರಬೇಕು. ಧಣಿ ತಿಯೋಫಿಲೊಗೆ ತಾಯಿಯ ಹಾಡು ಹಿಡಿಸಿತು. ಲ್ಯಾಟಿನ್ ಉಡಿಸಿ ಇಗರ್ಜಿಗೆ ತಂದ. ಗುಲಾಮ ಹುಡುಗನ ಉತ್ತರಕ್ಕೆ ಯಾವ ಲ್ಯಾಟಿನ್ ಉಡಿಸಿದರೂ ಮೈ ಮುಚ್ಚುವುದಿಲ್ಲ, ಅದನ್ನು ಕತ್ತರಿಸಿದ. ಕತ್ತರಿಸಿದ್ದನ್ನು ಸೆವೆರೊ ಗುಡ್ಡಕ್ಕೆ ಒಯ್ದು, ಹೆಣ ಹೊರುವವರ ಬಾಯಲ್ಲಿಟ್ಟು ಕಣ್ಣು ಮುಚ್ಚಿದ. ಇದಿಷ್ಟು ನನ್ನ ಊಹೆ. ಎರಡು ಹಾಡುಗಳು ಒಂದರೊಳಗೊಂದು ಕೂರುವುದು ಮಾತ್ರ ಊಹೆಯಲ್ಲ.

ನನಗೆ ಬೇಕಾಗಿದ್ದು ಒಂದೇ. ಆ ಚೌಕದಲ್ಲಿ, ಆ ಜನರ ಎದುರು, ಅವನ ಹೆಸರು ಹೇಳಬೇಕು. ಸಂಘದ ಯಜಮಾನ ಡಾಕ್ಟರ್ ಅಲಾವೊರ್ ಮನೆಗೆ ನೆಟ್ಟಗೆ ನಡೆದೆ. ಅವರು ಯಾರ ನಾಡಿಯನ್ನೂ ಹಿಡಿದವರಲ್ಲ, ವಕೀಲರು; ಆದರೂ ನಮ್ಮಲ್ಲಿ ಅಂಥವರನ್ನು ಡಾಕ್ಟರ್ ಎನ್ನದಿದ್ದರೆ ಅವರಿಗೆ ಜ್ವರ ಬರುತ್ತದೆ. ತಿಯೋಫಿಲೊನ ಮರಿಮಗ. ಮಗಳು ಲವೀನಿಯಾ ನನ್ನ ಶಿಷ್ಯೆ, ಎರಡು ವರ್ಷದಿಂದ ಅವಳೇ ವೆರೋನಿಕಾ.

“ಬನ್ನಿ ಟೀಚರಮ್ಮ, ಕೂತ್ಕೊಳ್ಳಿ. ಈಗ ತಾನೇ ಚೀಸ್ ಉಂಡೆ ಬೇಯಿಸಿದಾರೆ, ಬಿಸಿ ಬಿಸಿ ಇದೆ.”

ನಾನು ಹೇಳಿದ್ದನ್ನೆಲ್ಲ ಅವರು ಸಂಗೀತ ಕಚೇರಿ ಕೇಳುವವರ ಹಾಗೆ ಕಣ್ಣು ಮುಚ್ಚಿಕೊಂಡು ಕೇಳಿದರು.

“ತುಂಬಾ ಚೆನ್ನಾಗಿದೆ. ಕಥೆ ತುಂಬಾನೇ ಚೆನ್ನಾಗಿದೆ. ಮೇ ತಿಂಗಳಲ್ಲಿ ಶತಮಾನೋತ್ಸವ ಇದೆಯಲ್ಲ, ಮಕ್ಕಳ ಕೈಲಿ ಒಂದು ನಾಟಕ ಮಾಡಿಸ್ಬಿಡಿ.”

“ನಾನು ನಾಟಕ ಕೇಳೋಕೆ ಬರ್ಲಿಲ್ಲ ಡಾಕ್ಟರೇ. ಶುಭ ಶುಕ್ರವಾರ ರೇಡಿಯೊದವರು ಬರ್ತಿದಾರಲ್ಲ, ಅವರ ಮುಂದೆ ಸೆವೆರೊ ದಮಾಸಿಯೊ ಅಂತ ಹೆಸರು ಹೇಳ್ಬೇಕು. ನಮ್ಮಾವ ಆ ಜಾಗದಲ್ಲಿ ಹಾಡ್ಬೇಕು.”

“ಆ ಜಾಗದಲ್ಲಿ ಮೌನ ಇದೆಯಲ್ಲಮ್ಮ.”

“ಮೌನ ಅಲ್ಲ, ತೂತು.”

ಅವರು ಕಣ್ಣು ತೆರೆದರು. “ಆಧಾರ ಏನಿದೆ? ನಮ್ಮ ಮುತ್ತಾತನ ಹೆಸರು ಕಲ್ಲಿನ ಮೇಲಿದೆ. ನಿಮ್ಮ ಸೆವೆರೊ ಯಾವುದರ ಮೇಲಿದಾನೆ?”

“ಆ ಕಲ್ಲು ನಿಲ್ಸಿದ್ದು ನಿಮ್ಮಪ್ಪ. ನಾಳೆ ನಾನೊಂದು ಕಲ್ಲು ತಂದು ನನ್ನ ಹೆಸರು ಕೆತ್ಸಿದ್ರೆ, ನಾನು ಬರೆದ ಹಾಗಾಯ್ತಾ?”

ಅವರು ನಕ್ಕರು. ಬಾಗಿಲ ತನಕ ಬಂದು ಬೀಳ್ಕೊಟ್ಟರು. “ಅಂದ ಹಾಗೆ, ಆ ಬೊಂಬಾರ್ದೀನೊ ಸಂಘದ್ದಲ್ವಾ? ಒಂದ್ಸಲ ಒರೆಸಿ ಕಳಿಸ್ಕೊಟ್ಬಿಡಿ. ನಿಮಗೂ ವಯಸ್ಸಾಯ್ತು, ವಿಶ್ರಾಂತಿ ತಗೊಳ್ಳಿ.”

ಒರೆಸದೆ ಕಳಿಸಿದೆ. ಅಷ್ಟು ವರ್ಷ ಪಕ್ಕದಲ್ಲಿ ಕೂತು ನುಡಿಸಿದವರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಡೋಲಿನವನು ಮಾತ್ರ ಬೀದಿಯಲ್ಲಿ ಸಿಕ್ಕಾಗ “ಸುಮ್ನಿದ್ದಿದ್ರೆ ಏನಾಗ್ತಿತ್ತು ನಿಂಗೆ?” ಎಂದ. ಸುಮ್ಮನಿರುವುದರಲ್ಲಿ ಈ ಊರಿನವರನ್ನು ಮೀರಿಸಿದವರಿಲ್ಲ.

ಶುಭ ಶುಕ್ರವಾರ ಬಂತು. ಗಂಟೆಗಳ ಬದಲು ಮರದ ಗಿರಗಿಟ್ಟೆಯ ಸದ್ದು, ಬೀದಿ ತುಂಬ ರೋಸ್ಮರಿ ಸೊಪ್ಪು. ಗುಡ್ಡದ ಜನ ಎಂದಿನಂತೆ ಬೇಕರಿಯ ಮೂಲೆಯಲ್ಲಿ ನಿಂತಿದ್ದರು, ನಾನು ಅವರ ಜೊತೆ ಬರಿಗೈಯಲ್ಲಿ ನಿಂತಿದ್ದೆ. ಮಾವ ಕಪ್ಪು ಕೋಟು ಹಾಕಿಕೊಂಡು ಬಂದ. ಅವನು ಆ ಮೆರವಣಿಗೆಗೆ ಬಂದದ್ದನ್ನು ನಾನು ಅದುವರೆಗೆ ಎಂದೂ ನೋಡಿರಲಿಲ್ಲ.

“ಹಾಡೋದಿಲ್ಲ ಅಂದಿದ್ಯಲ್ಲ ಮಾವ?”

“ಹೆಣ ಇಲ್ದೆ ಹಾಡೋದಿಲ್ಲ ಅಂದಿದ್ದೆ.” ಅವನು ಗದ್ದದಿಂದಲೇ ಚಟ್ಟದ ಕಡೆ ತೋರಿಸಿದ. “ಅಲ್ಲಿ ಹೆಗಲ ಮ್ಯಾಲೆ ಇರೋದೇನು, ಹಲಸಿನ ಹಣ್ಣಾ?”

ಲವೀನಿಯಾ ಸ್ಟೂಲು ಹತ್ತಿದಳು, ಬಟ್ಟೆ ಬಿಡಿಸಿದಳು, ಹಾಡಿದಳು. ಸುಮ್ಮನಾದಳು. ಬೊಂಬಾರ್ದೀನೊ ಇಲ್ಲದೆ ಆ ವರ್ಷದ ಮೌನ ಬೋಳು ಬೋಳಾಗಿತ್ತು. ಅದರೊಳಗೆ ಮಾವ ಬಾಯಿ ತೆರೆದ.

ದಡದಲ್ಲೇ ನಿಲ್ಲಮ್ಮ ಎಂಬ ಮೊದಲ ಮಾತಿಗೇ ಇಡೀ ಚೌಕ ತಿರುಗಿ ನೋಡಿತು. ಎರಡನೆ ಸಾಲಿಗೆ ಗುಡ್ಡದ ಗಂಡಸರೆಲ್ಲ ದನಿಗೂಡಿಸಿದರು. ಹೆಣ ಹೊರುವಾಗ ಒಬ್ಬನೇ ಹಾಡುವ ರೂಢಿ ನಮ್ಮಲ್ಲಿಲ್ಲ. ಅಲಾವೊರ್ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಆದರೆ ಕೋಲು ಅವರ ಹೆಗಲ ಮೇಲಿತ್ತು, ಅಲುಗುವಂತಿರಲಿಲ್ಲ, ಅವರೇ ಕಾಪಾಡಿಕೊಂಡು ಬಂದ ಕಟ್ಟಳೆ. ಲವೀನಿಯಾ ದನಿ ಬಂದ ಕಡೆ ತಿರುಗಿ, ಮಾವನ ಕೊನೆಯ ಸ್ವರವನ್ನು ಅವನ ಬಾಯಿಂದಲೇ ತೆಗೆದುಕೊಂಡವಳ ಹಾಗೆ ತನ್ನ ಸಾಲನ್ನು ಹಾಡಿದಳು. ಅವಳ ಗಂಟಲು ನಡುಗಲಿಲ್ಲ. ಜನ ಅತ್ತರು. ಅಂಥ ಅಳು ಆ ಮೌನಕ್ಕೆ ಎಂದೂ ಬಿದ್ದಿರಲಿಲ್ಲ.

ಈಸ್ಟರ್ ಸೋಮವಾರ ಅಲಾವೊರ್ ಸಿಹಿ ಬ್ರೆಡ್ಡು ಹಿಡಿದುಕೊಂಡು ಗುಡ್ಡ ಹತ್ತಿ ಬಂದರು, ಏದುಸಿರು ಬಿಡುತ್ತಾ, ನಗುತ್ತಾ. ರೇಡಿಯೊದವರು ಕುಣಿದಾಡಿದ್ದರಂತೆ. ಎಲ್ಲೆಲ್ಲಿಂದಲೋ ಫೋನ್ ಬರುತ್ತಿದೆಯಂತೆ.

“ಜೋಸಿಮೊ ಅವರೇ, ಮುಂದಿನ ವರ್ಷ ನೀವೂ ನಮ್ಮ ಜೊತೆ ನೇರಳೆ ಅಂಗಿ ಹಾಕ್ಕೋಬೇಕು. ಕರಪತ್ರದಲ್ಲಿ ಹೀಗೆ ಅಚ್ಚು ಹಾಕಿಸ್ತೀವಿ. ಸಂಗೀತ: ಮಾಯೆಸ್ತ್ರೊ ತಿಯೋಫಿಲೊ. ಎರಡನೇ ದನಿ: ರೋಸರಿ ಗುಡ್ಡದ ಜನಪದ.”

“ಜನಪದ ಅಂದ್ರೇನು?” ಮಾವ ಕೇಳಿದ.

“ಅಂದ್ರೆ ಯಾರೋ ಒಬ್ಬರು ಬರೆದಿದ್ದಲ್ಲ, ಎಲ್ಲರೂ ಸೇರಿ ಕಟ್ಟಿದ್ದು. ದೊಡ್ಡ ಗೌರವ ಅದು.”

“ನಿಮ್ಮ ಮುತ್ತಾತಂಗೆ ಯಾಕೆ ಆ ಗೌರವ ಬ್ಯಾಡ?”

ಮಾವ ಸಿಹಿ ಬ್ರೆಡ್ಡನ್ನು ಅವರ ಕೈಗೇ ವಾಪಸು ಕೊಟ್ಟ.

“ನಿಮ್ಮ ಅಂಗಿ ನನಗೆ ಬಿಗಿಯಾಗ್ತದೆ ಡಾಕ್ಟರೇ. ಚೌಕದಾಗೆ ನಿಂತು ಅವನ ಹೆಸರು ಹೇಳ್ರಿ, ಹಾಡ್ತೀವಿ. ಹೇಳದಿದ್ರೆ ನಿಮ್ಮ ಮೌನ ನೀವೇ ಇಟ್ಕೊಳ್ರಿ.”

“ಒಬ್ಬ ಸತ್ತವನ ಹೆಸರಿಗಾಗಿ ಇಷ್ಟೊಂದು ಹಟ ಯಾಕೆ?”

“ನೀವ್ಯಾಕೆ ಹಿಡ್ಕೊಂಡಿದೀರಿ ಹಂಗಾದ್ರೆ?” ಎಂದೆ ನಾನು. ಅವರು ನನ್ನ ಕಡೆ ನೋಡದೆ ಇಳಿದುಹೋದರು.

ಮೇ ತಿಂಗಳಲ್ಲಿ ಶತಮಾನೋತ್ಸವ ನಡೆಯಿತು. ತಿಯೋಫಿಲೊನ ಪ್ರತಿಮೆಗೆ ಹೂಮಾಲೆ ಹಾಕಿ, ನಮ್ಮ ಗುಡ್ಡದವರನ್ನು ಕೆಳಗೆ ನಿಲ್ಲಿಸಿ ಫೋಟೊ ತೆಗೆದರು. ಅಲಾವೊರ್ ಬಿಡುಗಡೆಯ ಬಗ್ಗೆ ಭಾಷಣ ಮಾಡಿದರು. ತಮ್ಮ ಮುತ್ತಾತ ಗುಲಾಮರಿಗೆ ಎಷ್ಟು ಪ್ರೀತಿಯಿಂದ ಸಂಗೀತ ಕಲಿಸುತ್ತಿದ್ದನೆಂದು ಹೇಳುವಾಗ ಅವರ ಕಣ್ಣಲ್ಲಿ ನೀರೂ ಬಂತು. ನಾನು ಎದ್ದು ಕೂಗಾಡಿದೆ. ಇಬ್ಬರು ಬಂದು ಬಹಳ ಮರ್ಯಾದೆಯಿಂದ ನನ್ನನ್ನು ಹೊರಗೆ ಕಳಿಸಿದರು. ಮಾರನೆಯ ದಿನ ಮುಖ್ಯೋಪಾಧ್ಯಾಯಿನಿ “ಇಷ್ಟು ಸಿಟ್ಟು ಒಳ್ಳೇದಲ್ಲ, ರಕ್ತದೊತ್ತಡ ನೋಡಿಸ್ಕೊಳ್ಳಿ” ಎಂದರು. ಕದ್ದವರ ರಕ್ತದೊತ್ತಡವನ್ನು ಯಾಕೆ ಯಾರೂ ನೋಡುವುದಿಲ್ಲವೋ.

ಲವೀನಿಯಾ ಪಾಠಕ್ಕೆ ಬರುವುದನ್ನು ಬಿಡಲಿಲ್ಲ. ಅಪ್ಪನಿಗೆ ಹೊಲಿಗೆ ಕಲಿಯಲು ಹೋಗುತ್ತೇನೆಂದು ಹೇಳಿ ಬರುತ್ತಿದ್ದಳು. ಒಂದು ದಿನ ಹಾಡುತ್ತಾ ಹಾಡುತ್ತಾ ನಿಲ್ಲಿಸಿದಳು.

“ಟೀಚರ್, ಆ ಕೊನೇ ಸಾಲಿಗೆ ನಂಗೆ ಸ್ವರ ಯಾವತ್ತೂ ಸಿಗ್ತಿರಲಿಲ್ಲ. ಮಲಗಿದ್ರೂ ಅದೇ ಭಯ. ಈ ಸಲ ಅವರ ದನಿ ಕೇಳಿದ್ಮೇಲೆ ಸಿಕ್ತು. ಅಪ್ಪಂಗೆ ಹೇಳಿದ್ರೆ, ಹಿಂದಿನದೇ ಚೆನ್ನಾಗಿತ್ತು, ನಡುಕ ಇರ್ಲಿ ಅಂತಾರೆ.”

“ನೀನೇನಂದೆ?”

“ಏನೂ ಅನ್ನಲಿಲ್ಲ. ನಮ್ಮನೇಲಿ ಏನಾದ್ರೂ ಅನ್ನೋದು ಅಪ್ಪ ಮಾತ್ರ.”

ಮರುವರ್ಷದ ಶುಭ ಶುಕ್ರವಾರ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ರೇಡಿಯೊದಲ್ಲಿ ಕೇಳಿದ್ದವರು ಬಸ್ಸು ಮಾಡಿಕೊಂಡು ಬಂದಿದ್ದರು, ಮೌನಕ್ಕಾಗಿ ಅಲ್ಲ, ಉತ್ತರಕ್ಕಾಗಿ. ಕರಪತ್ರದಲ್ಲಿ ಜನಪದವೇ ಅಚ್ಚಾಗಿತ್ತು. ಅಲಾವೊರ್ ಲೆಕ್ಕಾಚಾರ ಸರಳವಾಗಿತ್ತು: ಅಷ್ಟು ಜನ ಕಾಯುತ್ತಿದ್ದರೆ ಮುದುಕ ಹಾಡದೆ ಎಲ್ಲಿ ಹೋಗುತ್ತಾನೆ?

ಲವೀನಿಯಾ ಹಾಡಿದಳು, ಸುಮ್ಮನಾದಳು. ಎಲ್ಲರೂ ಬೇಕರಿಯ ಮೂಲೆಯ ಕಡೆ ತಿರುಗಿದರು. ಮಾವ ಟೋಪಿ ಎದೆಗಿಟ್ಟುಕೊಂಡು ನಿಂತಿದ್ದ, ತುಟಿ ಬಿಗಿಹಿಡಿದು. ಅವನ ಹಿಂದೆ ಇಡೀ ಗುಡ್ಡ ತುಟಿ ಬಿಗಿಹಿಡಿದಿತ್ತು.

ಯಾರೂ ಅಳಲಿಲ್ಲ. ಒಮ್ಮೆ ಉತ್ತರ ಕೇಳಿದ ಮೇಲೆ ಆ ಮೌನಕ್ಕೆ ಅಳುವುದು ಯಾರಿಂದಲೂ ಆಗದು. ಜನ ಕೆಮ್ಮಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಯ ಸಾಲು ಎತ್ತಿಕೊಳ್ಳುವ ಹೊತ್ತು ಬಂತು, ಹೋಯಿತು. ಲವೀನಿಯಾ ಬಟ್ಟೆ ಹಿಡಿದು ನಿಂತೇ ಇದ್ದಳು.

“ಹಾಡು, ಲವೀನಿಯಾ,” ಅಲಾವೊರ್ ಹಲ್ಲಿನ ಸಂದಿಯಿಂದ ಹೇಳಿದರು.

“ಸ್ವರ ಸಿಗ್ತಿಲ್ಲ ಅಪ್ಪ.”

“ಹಿಂದೆಲ್ಲ ಹೇಗೆ ಹಾಡ್ತಿದ್ದೆ?”

“ತಪ್ಪು ಹಾಡ್ತಿದ್ದೆ. ನೀವೆಲ್ಲ ಅದನ್ನ ಪವಿತ್ರ ಅಂತಿದ್ರಿ.”

ಚಟ್ಟ ಸುಮ್ಮನೆ ಚಟ್ಟವಲ್ಲ, ದೇವದಾರು ಮರ, ಮೇಲೆ ಬೆಳ್ಳಿಯ ಚಪ್ಪರ. ಹೊತ್ತವರು ಅಂಗಡಿಯಲ್ಲೋ ಕಚೇರಿಯಲ್ಲೋ ಕೂತು ಉಣ್ಣುವವರು. ಬೆವರು ಇಳಿಯತೊಡಗಿತು. ಪಾದ್ರಿ ಆಕಾಶ ನೋಡುತ್ತಿದ್ದರು. ಇಳಿಸುವಂತಿಲ್ಲ, ಮುಂದೆ ಹೋಗುವಂತಿಲ್ಲ, ವೆರೋನಿಕಾ ಬಟ್ಟೆ ಸುತ್ತಿಲ್ಲ.

“ಅದೇನು ಹೆಸರು ಹೇಳ್ಬೇಕಂತೋ ಹೇಳ್ಬಿಡ್ರೀ ಡಾಕ್ಟರೇ!” ಮಂಡಿಯೂರಿದ್ದ ಬೇಕರಿಯ ಹೆಂಗಸು ಕೂಗಿದಳು. “ನನ್ನ ಮಂಡಿ ಹೋಯ್ತು!”

ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಆಮೇಲೆ ಬೇರೆ ಬೇರೆ ಕಡೆಯಿಂದ “ಹೆಸರು, ಹೆಸರು” ಎಂದು ಶುರುವಾಯಿತು. ಹಿಂದಿನ ಕೋಲಿಗೆ ಹೆಗಲು ಕೊಟ್ಟಿದ್ದ ಔಷಧಿ ಅಂಗಡಿಯವನು ನರಳಿದ: “ಅಲಾವೊರ್, ಹೇಳಿ ಸಾಯೋ ಮಾರಾಯ. ಕೈ ಜಾರ್ತಿದೆ.” ಬೆಳ್ಳಿಯ ಚಪ್ಪರ ಒಂದು ಕಡೆ ವಾಲಿತು. ಜನ “ಅಯ್ಯೋ” ಎಂದರು.

“ಸೆವೆರೊ,” ಎಂದರು ಅಲಾವೊರ್, ನೆಲಕ್ಕೆ.

“ಪೂರ್ತಿ ಹೆಸರು,” ಎಂದೆ.

“ಸೆವೆರೊ ದಮಾಸಿಯೊ.”

ಮಾವ ಕಿವಿಗೆ ಕೈ ಹಚ್ಚಿದ. “ಕೇಳಿಸ್ಲಿಲ್ಲ.”

“ಸೆವೆರೊ ದಮಾಸಿಯೊ!” ಅವರು ಕಿರುಚಿದರು. ರೇಡಿಯೊದವಳು ಮೈಕು ಹಿಡಿದುಕೊಂಡು ಓಡಿಬಂದಳು.

“ಯಾರವನು?” ಮಾವ ಕೇಳಿದ.

ಅಲಾವೊರ್ ಕೋಲಿನಡಿ ಹೆಗಲು ಸರಿಸಿಕೊಂಡರು. “ಈ ಹಾಡು... ಈ ಹಾಡು ಬರೆದವನು.”

“ಎಷ್ಟು? ನಮ್ಮ ತುಂಡು ಮಾತ್ರಾನಾ?”

ಅವರು ಮುತ್ತಾತನ ಪ್ರತಿಮೆಯನ್ನು ನೋಡಿದರು, ಮಗಳನ್ನು ನೋಡಿದರು. ಅವಳು ಬಟ್ಟೆ ಹಿಡಿದು ಕಾಯುತ್ತಿದ್ದಳು.

“ಪೂರ್ತಿ,” ಎಂದರು.

ಮಾವ ಗಂಟಲು ಸರಿಮಾಡಿಕೊಂಡು ಹಾಡಿದ. ಗುಡ್ಡ ಅವನ ಹಿಂದೆ ಹಾಡಿತು, ಲವೀನಿಯಾ ಮುಗಿಸಿದಳು, ಚಟ್ಟ ಮುಂದೆ ಸಾಗಿತು. ಬೇಕರಿಯ ಹೆಂಗಸು ನನ್ನನ್ನು ತಬ್ಬಿಕೊಂಡು “ಇನ್ನಾದ್ರೂ ಸಮಾಧಾನ ಆಯ್ತೇನೇ?” ಎಂದು ಅತ್ತಳು. ನಾನು ಅಳಲಿಲ್ಲ. ಒಪೆರಾ ಎಂದರೆ ಒಂದು ಇಡೀ ಸಂಜೆಯ ಸಂಗೀತ. ನಮ್ಮ ಕೈಗೆ ವಾಪಸು ಬಂದದ್ದು ಒಂದು ಹಾಡು. ಉಳಿದದ್ದನ್ನು ಈಗ ಯಾವ ಊರಲ್ಲಿ, ಯಾರ ಪ್ರತಿಮೆಯ ಎದುರು, ಯಾವ ಹೆಸರಿನಲ್ಲಿ ಹಾಡುತ್ತಿದ್ದಾರೋ.